ದೊಡ್ಡ ಜಾತಿಯ ಮರಿ

ಲೋಕದಲ್ಲಿ ಹುಟ್ಟಿದ ಯಾವ ಜೀವವೂ ಬೆಳೆಯದಂತಾಗಿ ವರ್ಷಗಳೇ ಸಂದಿದ್ದವು. ಐದು ದೀಪಾವಳಿ ಕಂಡ ಮಗ ಇನ್ನೂ ಕೂಸಾಗಿಯೇ ಪ್ರಮೀಳಾಳ ಹೆಗಲಿಗೆ ಒರಗಿದ್ದ.

ಬೀದಿಯಲ್ಲಿ ಸಿಕ್ಕ ನಾಯಿಮರಿಗಳನ್ನು, ಅವಕ್ಕೊಂದು ಮನೆ ದೊರೆಯುವವರೆಗೆ, ಸಾಕುತ್ತಿದ್ದ ನೀಲವ್ವ ಮುಧೋಳದ ಮರಿಯೊಂದನ್ನು ತಂದು ಪ್ರಮೀಳಾಳ ಗಂಡ ಈರಣ್ಣನ ಕೈಗಿತ್ತಳು.

“ದೊಡ್ಡ ಜಾತಿ ರೀ. ಪಂಜಾ ನೋಡ್ರಿ, ಎಷ್ಟು ದೊಡ್ಡವು! ನಾಕು ವರ್ಷದಿಂದ ಕೊರಳಾಗ ಅದೇ ಬೆಲ್ಟು, ಖರ್ಚೇ ಇಲ್ಲ.”

ಈರಣ್ಣ ನಕ್ಕ. ಪ್ರಮೀಳಾ ನಗಲಿಲ್ಲ.

“ನಮ್ಮನ್ಯಾಗ ಏನಾದ್ರೂ ಒಂದು ಬೆಳೀಬೇಕು ಯಕ್ಕಾ. ಇದು ಬೆಳೀತದೇನು?”

ನೀಲವ್ವನಿಗೆ ಸುಳ್ಳು ಹೇಳಲಾಗಲಿಲ್ಲ.

“ಮೊದಲಿನ ಕಾಲ ಆಗಿದ್ರ ಸೊಂಟದ ಮಟ ಬರ್ತಿತ್ತವಾ.”

ಮರಿಯನ್ನು ಕಂಕುಳಿಗೇರಿಸಿಕೊಂಡ ಈರಣ್ಣ, ಸೊಂಟದೆತ್ತರಕ್ಕೆ ಅಂಗೈ ಚಾಚಿ ಕೇಳಿದ: “ಇಷ್ಟು?”

ಆ ಅಂಗೈಯ ಕೆಳಗಿನ ಬರಿಯ ಗಾಳಿಯನ್ನು ಪ್ರಮೀಳಾ ಮೆಲ್ಲಗೆ ನೇವರಿಸಿದಳು.