ವಾರ್ಡಿನಲ್ಲಿ ಹೇಳಿದ ಸುಳ್ಳು

“ನಿಮ್ಗೆ ಒಂದು ಸುಳ್ಳು ಹೇಳಿದ್ದೆ ಗೌಡ್ರೇ,” ಎಂದು ವಿನುತಾ ಚಹಾದ ಲೋಟ ಕೆಳಗಿಟ್ಟರು. ಕಾರ್ಗಿಲ್ ಯುದ್ಧದ ನಂತರ ಇಬ್ಬರೂ ಎದುರಾದದ್ದು ಇದೇ ಮೊದಲು, ಕುಮಟೆಯ ಮಾಜಿ ಸೈನಿಕರ ಕೂಟದಲ್ಲಿ. ಆಗ ವಿನುತಾ ಸೇನಾ ಆಸ್ಪತ್ರೆಯ ನರ್ಸ್. ಮಿರ್ಜಾನದ ಬೊಮ್ಮ ಗೌಡರು ಹೊಟ್ಟೆಗೆ ಗುಂಡು ತಗುಲಿ ಅಲ್ಲಿ ಮಲಗಿದ್ದ ಜವಾನ.

“ಜ್ವರದಲ್ಲಿ ‘ಅವ್ವಿ, ಅವ್ವಿ’ ಅಂತ ಕರೀತಿದ್ರಿ. ನಂಗೆ ನೋಡೂಕಾಗ್ಲಿಲ್ಲ. ಕೈ ಹಿಡ್ಕಂಡು, ‘ನಾನೇ ಬಂದೆ ಮಗಾ, ಮಲ್ಕೋ’ ಅಂದೆ. ತಾಯಿ ಹೆಸ್ರಲ್ಲಿ ಸುಳ್ಳು ಹೇಳ್ದೆ ಅಂತ ಇಷ್ಟು ವರ್ಷ ಮನಸ್ಸು ಕೊರೀತಿತ್ತು.”

ಬೊಮ್ಮ ಗೌಡರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ನಾನು ನಾಕು ವರ್ಷದವ್ನಿದ್ದಾಗ್ಲೇ ನಮ್ಮವ್ವಿ ತೀರ್ಕಂಡಿತ್ತು ಮೇಡಂ. ಅದ್ರ ದನಿ ಹೆಂಗಿತ್ತು ಅಂತ್ಲೂ ನಂಗೆ ನೆನಪಿರ್ಲಿಲ್ಲ,” ಎಂದು ಮೆಲ್ಲಗೆ ನಕ್ಕರು. “ಈಗ ಅವ್ವಿ ನೆನಪಾದ್ರೆ ನಿಮ್ಮ ದನಿನೇ ಕೇಳ್ತದೆ.”