ಬಾಗಿಲಿಗೊಂದು ಕುಟ್ಟಾಣಿ

ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ ಬಂದ ಸೊಸೆಯ ಎದೆ ಧಸಕ್ಕೆಂದಿತು. ಮನೆಯ ಬಾಗಿಲು ಹಾರುಹೊಡೆದಿತ್ತು. ತಾನಾಗಿಯೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಬಾಗಿಲದು. ಮುಚ್ಚದಂತೆ ಯಾರೋ ಕಬ್ಬಿಣದ ಕುಟ್ಟಾಣಿಯನ್ನು ಅಡ್ಡ ಇಟ್ಟಿದ್ದರು. ಯಾರೋ ಏನು, ಸಮುದ್ರ ದಾಟಿ ಬರುವಾಗ "ಬೇಕಾದ್ರೆ ನಾಲ್ಕು ಸೀರೆ ಬಿಡ್ತೀನಿ, ಇದನ್ನ ಬಿಡಲ್ಲ" ಎಂದು ಹಟ ಹಿಡಿದು ಅದನ್ನು ಹೊತ್ತು ತಂದವರು ಅತ್ತೆಯೇ.

ಒಳಗೆ ಅತ್ತೆ, ಸೋಫಾದಲ್ಲಿ ಮುದುಡಿ ಕೂತಿದ್ದ ಅಪರಿಚಿತ ಮುದುಕರೊಬ್ಬರಿಗೆ ಚಹಾ ಕೊಡುತ್ತಿದ್ದರು. ಮುಖ ಮೊರದಗಲವಾಗಿತ್ತು.

"ಬಂದ್ಯಾ? ಇವರು ಕೆಳಗಿನ ಮನೆಯವರು. ಗಡಿಯಾರ ರಿಪೇರಿ ಮಾಡ್ತಾರಂತೆ, ಕೈಸನ್ನೇಲೇ ಹೇಳಿದ್ರು. ಈ ವಾರ ನಾಲ್ಕನೆಯವರು ಕಣೇ! ದಿನಾ ಒಬ್ಬರು ಬರ್ತಿದ್ದಾರೆ. ನಾನೇ ಸುಮ್ನೆ ಈ ಊರಿನ ಜನಾನ ಬೈಕೊಂಡಿದ್ದೆ."

ಸೊಸೆಗೆ ಹೋದ ಜೀವ ಬಂದಂತಾಯಿತು. ಹೊಸ ಮನೆಗೆ ಕಾಲಿಟ್ಟ ದಿನವೇ ಅತ್ತೆ ಕಡ್ಡಿ ಮುರಿದಂತೆ ಹೇಳಿದ್ದರು: "ತಿಂಗಳೊಳಗೆ ಈ ಹೊಸ್ತಿಲನ್ನ ಯಾರೂ ತುಳೀದಿದ್ರೆ ನಾನು ವಾಪಸ್ ಹೊರಟೆ. ಜನ ಬಾರದ ಮನೇಲಿ ನನಗೆ ಉಸಿರು ಕಟ್ಟುತ್ತೆ." ಮಗ ನಕ್ಕು ಸುಮ್ಮನಾಗಿದ್ದ. ಸೊಸೆಗೆ ನಗು ಬಂದಿರಲಿಲ್ಲ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದಾಗ "ಮೊದ್ಲು ಕೈಕಾಲು ತೊಳ್ಕೊಂಡು ಬಾ" ಎಂದು ಗದರುವ ಆ ದನಿ ಇಲ್ಲದಿದ್ದರೆ ಈ ಮನೆಗೂ ಲಾಡ್ಜಿಗೂ ಏನು ವ್ಯತ್ಯಾಸ? ಅತ್ತೆ ಹೋಗುವುದು ಅವಳಿಗೆ ಬೇಡವಾಗಿತ್ತು.

ಮುದುಕರು ಎದ್ದು ನಿಂತು, ತಮ್ಮ ಭಾಷೆಯಲ್ಲಿ ಅವಳಿಗೆ ಮೆಲ್ಲಗೆ ಹೇಳಿದರು: "ಬಾಗಿಲು ತೆರೆದೇ ಇದೆ, ಕಳ್ಳಕಾಕರು ನುಗ್ಗಿಯಾರು ಅಂತ ಹೇಳಿ ಹೋಗೋಣ ಅಂತ ಬಂದೆ. ಕೈಹಿಡಿದು ಕೂರಿಸಿಬಿಟ್ಟರು. ನಿನ್ನೆ ಮೇಲಿನ ಮನೆಯ ಬಸ್ ಡ್ರೈವರಮ್ಮನೂ ಇದನ್ನೇ ಹೇಳೋಕೆ ಬಂದು, ಎರಡು ಲೋಟ ಚಹಾ ಕುಡಿದು ವಾಪಸ್ ಹೋದರಂತೆ. ಯಾರಿಗೂ ಹೇಳೋಕೆ ಆಗ್ತಾ ಇಲ್ಲ."

"ಏನಂತೆ?" ಎಂದು ಅತ್ತೆ ಕೇಳಿದರು.

"ಚಹಾ ತುಂಬಾ ಚೆನ್ನಾಗಿದೆಯಂತೆ."

"ಅದನ್ನ ಬಾಯ್ಬಿಟ್ಟು ಹೇಳ್ಬೇಕಾ? ಲೋಟದ ತಳ ಕಾಣ್ತಾ ಇದೆ."

ಮರುದಿನ ಕಟ್ಟಡದ ಮ್ಯಾನೇಜರ್ ಕಡೆಯಿಂದ ಚೀಟಿ ಬಂತು. ಬೆಂಕಿ ಹರಡದಿರಲೆಂದು ಹಾಕಿಸಿದ ಬಾಗಿಲು, ಯಾವಾಗಲೂ ಮುಚ್ಚಿರಬೇಕು. ಸೊಸೆ ಅಷ್ಟನ್ನು ಮಾತ್ರ ಓದಿ ಹೇಳಿದಳು. ಬಂದವರು ಯಾಕೆ ಬರುತ್ತಿದ್ದರು ಎಂಬುದನ್ನು ನುಂಗಿಕೊಂಡಳು. ಅತ್ತೆ ಕುಟ್ಟಾಣಿಯನ್ನು ಅಡುಗೆಮನೆಗೆ ಎತ್ತಿಕೊಂಡು ಹೋದರು.

ಒಂದು ದಿನ, ಎರಡು ದಿನ, ನಾಲ್ಕು ದಿನ. ಕರೆಗಂಟೆ ತುಟಿಪಿಟಕ್ಕೆನ್ನಲಿಲ್ಲ. "ಮುಖದ ಮೇಲೆ ಬಾಗಿಲು ಹಾಕಿದ್ರೆ ಯಾರು ತಾನೇ ಬರ್ತಾರೆ?" ಎಂದ ಅತ್ತೆ, ಭಾನುವಾರ ಬೆಳಿಗ್ಗೆ ಬೀರುವಿನ ಮೇಲಿದ್ದ ಸೂಟ್‌ಕೇಸ್ ಇಳಿಸಿ ಧೂಳು ಒರೆಸತೊಡಗಿದರು. ಅವರೆಲ್ಲ ಬಂದ ಕಾರಣ ಹೇಳಿಬಿಟ್ಟರೆ, ಬಂದವರನ್ನು ನೆನೆದು ಅತ್ತೆ ಪಡುತ್ತಿದ್ದ ಖುಷಿಯೂ ಮಣ್ಣುಪಾಲು. ಹೇಳದಿದ್ದರೆ, ಬಾಗಿಲು ಹಾಕಿ ತಾವೇ ನೆರೆಯವರ ಮನಸ್ಸು ಮುರಿದೆವೆಂಬ ಕೊರಗು ಅತ್ತೆಗೆ.

"ಅತ್ತೆ, ಅವರೆಲ್ಲಾ ಬರ್ತಿದ್ದಿದ್ದು..." ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಕರೆಗಂಟೆ ಹೊಡೆದುಕೊಂಡಿತು.

ಅತ್ತೆ ಸೂಟ್‌ಕೇಸನ್ನು ಇದ್ದಲ್ಲೇ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಓಡಿದರು. ಬಾಗಿಲಿಗಲ್ಲ, ಒಲೆಯ ಹತ್ತಿರ. ಬಂದವರು ಯಾರೆಂದು ತಿಳಿಯುವ ಮೊದಲೇ ಚಹಾಕ್ಕೆ ನೀರಿಟ್ಟಾಗಿತ್ತು.

ಸೊಸೆ ಬಾಗಿಲು ತೆಗೆದಳು. ಇಸ್ತ್ರಿ ಹಾಕಿದ ಕೋಟು ತೊಟ್ಟು ಗಡಿಯಾರದವರು ನಿಂತಿದ್ದರು. ಅವರ ಬೆನ್ನಿಗೆ ಬಸ್ ಡ್ರೈವರಮ್ಮ. ಅವರ ಹಿಂದೆ, ಮೆಟ್ಟಿಲ ಮೇಲೆ, ಇನ್ನಿಬ್ಬರು. ಗಡಿಯಾರದವರು ಗಂಟಲು ಸರಿಮಾಡಿಕೊಂಡರು.

"ನಾಲ್ಕು ದಿನದಿಂದ ನಿಮ್ಮ ಬಾಗಿಲು ಮುಚ್ಚೇ ಇದೆ," ಎಂದರು ಬಹಳ ಗಂಭೀರವಾಗಿ. "ಹೇಳಿ ಹೋಗೋಣ ಅಂತ ಬಂದ್ವಿ."