ಅತ್ತೆಗೆ ಬಂದ ಕರೆ

ಕೆರೆಯಲ್ಲಿ ನೆನೆಹಾಕಿದ ತೆಂಗಿನ ಸಿಪ್ಪೆಯ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನಗೆ ಸಾವಿತ್ರತ್ತೆಯ ನೆನಪಾಗುತ್ತದೆ.

ಅತ್ತೆ ಅಪ್ಪನ ತಂಗಿ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ದುದ್ದದ ಬಳಿಯ ನಮ್ಮ ಮನೆಗೆ ಮರಳಿದ್ದಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ಊರಲ್ಲಿ ತೆಂಗಿನ ನಾರಿನ ಕೇಂದ್ರ ತೆರೆದಾಗ ಹಗ್ಗದ ರಾಟೆಯ ಮುಂದೆ ಮೊದಲು ಕೂತವಳೂ ಅವಳೇ. ಅಂಗೈ ಎಷ್ಟು ಒರಟಾಯಿತೆಂದರೆ ತಲೆ ನೇವರಿಸಿದರೆ ನನ್ನ ಕೂದಲು ಸಿಕ್ಕಿಕೊಳ್ಳುತ್ತಿತ್ತು. ಆದರೆ ಅವಳು ನಗುವುದನ್ನು ನಾನು ಕಂಡದ್ದು ಆಗಲೇ.

ಒಂದು ಮಧ್ಯಾಹ್ನ ಏದುಸಿರು ಬಿಡುತ್ತ ಮನೆಗೆ ಬಂದಳು.

"ಅವ್ವಾ, ಚನ್ರಾಯಪಟ್ಣದಲ್ಲೂ ಇಂಥದೇ ಸೆಂಟ್ರು ಮಾಡ್ತಾರಂತೆ. ಎಣ್ಮಕ್ಳಿಗೆ ಕೆಲ್ಸ ಕಲ್ಸಾಕೆ ನನ್ನೇ ಬಾ ಅಂದವ್ರೆ. ಅಲ್ಲೇ ಇರ್ಬೇಕಂತೆ."

ಕಣ್ಣು ಕಾಣದ ಅಜ್ಜಿ ಗೋಡೆಗೊರಗಿ ಕೂತಿದ್ದಳು. "ಓಗವ್ವ, ನೀನಾರೂ ಬದುಕ್ಕೊ. ಈ ಮಗೀನ ನಾನು ನೋಡ್ಕತೀನಿ" ಎಂದು ನನ್ನತ್ತ ಕೈ ಚಾಚಿದಳು. ಆ ಕೈ ನನ್ನನ್ನು ತಲುಪದೆ ಕಂಬವನ್ನು ತಡವಿತು.

ಅತ್ತೆ ಅದನ್ನೇ ನೋಡಿದಳು. ಸೀರೆಗೆ ಅಂಟಿದ್ದ ನಾರನ್ನು ಒಂದೊಂದಾಗಿ ಬಿಡಿಸುತ್ತ ಅಲ್ಲೇ ಕೂತಳು.

"ನಮ್ ನಿಂಗಿ ಓಗ್ತಾಳೆ ಬುಡವ್ವ," ಎಂದಳು.

ತನಗೆ ಗೊತ್ತಿದ್ದುದನ್ನೆಲ್ಲ ಗೆಳತಿ ನಿಂಗಿಗೆ ಕೂತು ಕಲಿಸಿದಳು. ಹೊರಡುವ ದಿನ ಅವಳಿಗೆ ಬುತ್ತಿ ಕಟ್ಟಿಕೊಟ್ಟು, ಬಸ್ಸಿಗೂ ತಾನೇ ಹತ್ತಿಸಿದಳು. ಬಸ್ಸು ಹೊರಟ ಮೇಲೂ ರಸ್ತೆಯಲ್ಲೇ ನಿಂತಿದ್ದಳು. ನಾನು ಸೆರಗು ಹಿಡಿದು ಎಳೆದೆ.

"ತಡಿಯವ್ವ," ಎಂದಳು, "ಆ ತಿರುವು ದಾಟ್ಲಿ."